ಕ್ಲಿಫ್ಟನ್ ಮಿಲ್ಲಿನ ದೀಪ ನೋಡಲು ಅತ್ತೆ-ಮಾವನನ್ನು ಕರೆದುಕೊಂಡು ಹೋಗಬೇಕು, ಹೋಗಿ ಬಂದವರು ಹೇಳಿ

ಕೇಳಿದವರು, ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಿಂದ

ಎಲ್ಲರಿಗೂ ನಮಸ್ಕಾರ. ಅತ್ತೆ-ಮಾವ ಮಳವಳ್ಳಿಯಿಂದ ಬಂದಿದ್ದಾರೆ, ಜನವರಿಯಲ್ಲಿ ವಾಪಸ್ ಹೊರಡುತ್ತಾರೆ. ಅಷ್ಟರೊಳಗೆ ಅವರಿಗೆ ಕ್ಲಿಫ್ಟನ್ ಹಳ್ಳಿಯ ಹಳೇ ಗಿರಣಿ, ಅಂದರೆ ಕ್ಲಿಫ್ಟನ್ ಮಿಲ್ಲಿನ ಕ್ರಿಸ್ಮಸ್ ದೀಪ ತೋರಿಸಬೇಕು ಅಂತ ನನಗೆ ತುಂಬ ಆಸೆ. ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಆದರೆ ಅತ್ತೆಗೆ ಮಂಡಿನೋವು. ಮಗಳಿಗೆ 5 ವರ್ಷ, ಮಗನಿಗೆ 9 ತಿಂಗಳು. ಮಾವ ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. "ಲೈಟು ನೋಡೋಕೆ ಈ ಚಳೀಲಿ ಅಷ್ಟು ದೂರ ಯಾಕಮ್ಮ, ದಸರಾದಲ್ಲಿ ಅರಮನೆ ನೋಡಿದ್ದೀನಲ್ಲ" ಅನ್ನುತ್ತಾರೆ. ಕ್ರಿಸ್ಮಸ್ ಹಿಂದಿನ ಶನಿವಾರ ಹೋಗೋಣ ಅಂದುಕೊಂಡಿದ್ದೇವೆ. ಸ್ಟ್ರೋಲರ್ ತಳ್ಳಲು ಆಗುತ್ತಾ? ಊಟಕ್ಕೆ ಏನು ಮಾಡಿದಿರಿ? ದೊಡ್ಡವರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ.

ಡೇಟನ್‌ನಿಂದ

ಖಂಡಿತ ಹೋಗಿ ಅಕ್ಕಾ. ಆದರೆ ಆ ಶನಿವಾರ ಮಾತ್ರ ಬೇಡ. ನಾವು ಮೊದಲ ಸಲ ಹೋಗಿದ್ದು ಅಂಥದೇ ಶನಿವಾರ. ಕ್ಲಿಫ್ಟನ್ ತೀರಾ ಪುಟ್ಟ ಹಳ್ಳಿ. ಒಳಗೆ ಹೋಗುವ ರಸ್ತೆಯೂ ಕಿರಿದು. ಕಾರಿನ ಸಾಲಿನಲ್ಲೇ ಮುಕ್ಕಾಲು ಗಂಟೆ ಕೂತೆವು. ಒಳಗೆ ಹೋಗುವಷ್ಟರಲ್ಲಿ ದೀಪ ಹತ್ತಿ ಎಷ್ಟೋ ಹೊತ್ತಾಗಿತ್ತು, ಮಗ ಕಾರ್ ಸೀಟಿನಲ್ಲೇ ನಿದ್ದೆ ಹೋಗಿದ್ದ.

ಮಾರನೇ ವರ್ಷ ಅಮ್ಮ ಊರಿಂದ ಬಂದಿದ್ದರು. ಆಗ ಮಂಗಳವಾರ ಹೋದೆವು, ಅದೂ ಸಂಜೆ ನಾಲ್ಕು ಗಂಟೆಗೇ. ನಿಮಗೆ ನಾನು ಒತ್ತಿ ಹೇಳುವುದು ಇದೊಂದೇ. ಬೆಳಕಿರುವಾಗ ಹೋಗಿ, ಮೊದಲು ಮಿಲ್ಲು ನೋಡಿ, ಆಮೇಲೆ ದೀಪ ನೋಡಿ. ಡಿಸೆಂಬರ್‌ನಲ್ಲಿ ಇಲ್ಲಿ ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ತಡ ಮಾಡಬೇಡಿ.

ಮಿಲ್ಲು ಅಂದರೆ ಹಿಟ್ಟಿನ ಗಿರಣಿ. 1802ರಲ್ಲಿ ಓವನ್ ಡೇವಿಸ್ ಅನ್ನುವವರು ಇಲ್ಲಿ ಶುರು ಮಾಡಿದ್ದು. ಲಿಟಲ್ ಮಯಾಮಿ ನದಿ ಇಲ್ಲಿ ಬಂಡೆಗಳ ನಡುವಿನ ಕಿರಿದಾದ ಕಮರಿಗೆ ಇಳಿಯುತ್ತದೆ. ಆ ನೀರಿನ ರಭಸವನ್ನೇ ಹಿಡಿದು ಕಲ್ಲು ತಿರುಗಿಸುತ್ತಿದ್ದರು. ಅಮ್ಮನಿಗೆ ದೀಪಕ್ಕಿಂತ ಮೊದಲು ಮನಸ್ಸು ಸೆಳೆದಿದ್ದು ಆ ಬೀಸುವ ಕಲ್ಲು. ಗ್ಲೌಸ್ ತೆಗೆದು, ಕಲ್ಲಿನ ಮೇಲಿನ ಗೀರುಗಳ ಮೇಲೆ ಬೆರಳಾಡಿಸಿದರು. "ನಮ್ಮ ರಾಗಿಕಲ್ಲಿಗೂ ವರ್ಷಕ್ಕೊಂದು ಸಲ ಹೀಗೇ ಉಳೀಲಿ ಹೊಡೆಸ್ತಿದ್ವಿ, ನುಣುಪಾದ್ರೆ ಹಿಟ್ಟು ಬೀಳಲ್ಲ" ಅಂದರು. ಅವರು ಬೆಳಗಿನ ಜಾವ ಎದ್ದು ಬೀಸುತ್ತಿದ್ದ ಕಥೆ ನಾನು ಕೇಳಿದ್ದು ಅಲ್ಲಿ ನಿಂತುಕೊಂಡೇ.

ಆಮೇಲೆ ನಿಧಾನಕ್ಕೆ ಕತ್ತಲಾಯಿತು. ಮಿಲ್ಲಿಗೆ ಎದುರಾಗಿ, ನದಿ ಕಾಣುವ ಕಡೆ ಜಾಗ ಹಿಡಿದು ನಿಂತೆವು. ಕತ್ತಲಲ್ಲಿ ನೀರಿನ ಸದ್ದು ಮಾತ್ರ. ಪಕ್ಕದ ಮಕ್ಕಳು ಹತ್ತು, ಒಂಬತ್ತು ಅಂತ ಎಣಿಸತೊಡಗಿದರು. ಸರಿಯಾಗಿ ಆರಕ್ಕೆ ಎಲ್ಲ ಒಟ್ಟಿಗೆ ಹತ್ತಿತು. ಮಿಲ್ಲಿನ ಗೋಡೆ, ಮರ, ಸೇತುವೆ, ನದಿಯ ಎರಡೂ ದಡ. ಬಂಡೆಯ ಮೇಲಿಂದ ಕೆಳಗಿನವರೆಗೆ ನೂರಡಿ ಉದ್ದಕ್ಕೆ ದೀಪದ್ದೇ ಒಂದು ಜಲಪಾತ. ಅಮ್ಮ ನನ್ನ ತೋಳು ಹಿಡಿದವರು ಬಿಡಲೇ ಇಲ್ಲ. ಅವರ ಕನ್ನಡಕದಲ್ಲಿ ಅಷ್ಟೂ ದೀಪ ಕಾಣುತ್ತಿತ್ತು. ಆ ಒಂದು ಕ್ಷಣ ತಪ್ಪಿದರೆ ಅರ್ಧ ತಪ್ಪಿದ ಹಾಗೆ. ಹೊರಡುವ ಮುಂಚೆ ಅವರ ವೆಬ್‌ಸೈಟ್‌ನಲ್ಲಿ ಟಿಕೆಟ್ಟು, ಸಮಯ ಎರಡೂ ನೋಡಿಕೊಳ್ಳಿ. ಹವಾಮಾನ ಕೆಟ್ಟರೆ ಆ ದಿನ ದೀಪ ಹಚ್ಚದೇ ಇರಬಹುದು.

ಸಿನ್ಸಿನಾಟಿಯಿಂದ

ಮೇಲೆ ಹೇಳಿದ್ದೆಲ್ಲ ಸರಿ. ನಾನು ಮಂಡಿನೋವಿನ ಬಗ್ಗೆ ಹೇಳುತ್ತೇನೆ, ನಮ್ಮ ಅತ್ತೆಗೂ ಅದೇ ತೊಂದರೆ.

ನಡೆಯುವುದು ಜಾಸ್ತಿ ಇಲ್ಲ, ನಿಲ್ಲುವುದು ಜಾಸ್ತಿ. ಮಂಡಿಗೆ ಕಷ್ಟ ಆಗುವುದು ಅದೇ. ಒಂದು ಮಡಚುವ ಪುಟ್ಟ ಸ್ಟೂಲ್ ಕಾರಿನಲ್ಲಿ ಇಟ್ಟುಕೊಳ್ಳಿ, ಜನ ಕಡಿಮೆ ಇರುವ ಕಡೆ ಪಕ್ಕಕ್ಕೆ ಕೂರಿಸಬಹುದು. ಬಾಗಿಲಲ್ಲೇ ಅವರನ್ನು ಇಳಿಸಿ, ಆಮೇಲೆ ನಿಮ್ಮವರು ಹೋಗಿ ಕಾರು ನಿಲ್ಲಿಸಿ ಬರಲಿ.

ಅತ್ತೆ ಸೀರೆ ಬಿಡಲ್ಲ ಅಂದರೆ ಬಲವಂತ ಮಾಡಬೇಡಿ. ಲಂಗದ ಒಳಗೆ ಥರ್ಮಲ್ ಪ್ಯಾಂಟ್ ಹಾಕಿಸಿ, ಎರಡು ಜೊತೆ ಕಾಲುಚೀಲ, ತಳ ಜಾರದ ಶೂ. ಸೀರೆಯನ್ನು ನಾಲ್ಕು ಬೆರಳು ಮೇಲಕ್ಕೆ ಉಡಿಸಿ, ಇಲ್ಲದಿದ್ದರೆ ಅಂಚು ಹಿಮದಲ್ಲಿ ಒದ್ದೆಯಾಗಿ ಕಾಲು ಕೊರೆಯುತ್ತದೆ. ನಮ್ಮತ್ತೆಗೆ ಹಾಗೇ ಆಯಿತು, ಅರ್ಧ ಗಂಟೆಗೇ ವಾಪಸ್ ಹೊರಟೆವು. ಅವರು ಬಾಯಿಬಿಟ್ಟು ಹೇಳಲೂ ಇಲ್ಲ, ನಾನೇ ಕಾಲು ಮುಟ್ಟಿ ನೋಡಿದಾಗ ಗೊತ್ತಾಗಿದ್ದು. ಅವರು ಹೇಳಲಿ ಅಂತ ಕಾಯಬೇಡಿ, ಆಗಾಗ ನೀವೇ ಕೇಳಿ. ಮಾವನಿಗೆ ಮಂಕಿ ಕ್ಯಾಪ್ ಇದ್ದರೆ ಸಾಕು.

ಸ್ಟ್ರೋಲರ್ ಬೇಡ. ಜನಸಂದಣಿ, ಏರುತಗ್ಗು. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್‌ನಲ್ಲಿ ಹಾಕಿಕೊಂಡು ಮೇಲಿಂದ ನಿಮ್ಮ ಕೋಟು ಹಾಕಿ. ನಿಮಗೂ ಬೆಚ್ಚಗೆ, ಅದಕ್ಕೂ ಬೆಚ್ಚಗೆ.

ಊಟಕ್ಕೆ ಚಪಾತಿ ಪಲ್ಯ ಸುತ್ತಿಕೊಂಡು ಹೋಗಿ. ಪುಳಿಯೋಗರೆ ಚಳಿಗೆ ಗಟ್ಟಿಯಾಗುತ್ತೆ, ಬೇಡ. ಫ್ಲಾಸ್ಕಿನಲ್ಲಿ ಬಿಸಿನೀರು, ಇನ್ನೊಂದರಲ್ಲಿ ಕಾಫಿ. ಮಿಲ್ಲಿನ ಹೋಟೆಲಿನ ಪ್ಯಾನ್‌ಕೇಕ್ ಬಹಳ ಹೆಸರುವಾಸಿ, ಆದರೆ ಅದು ಬೆಳಗಿನ, ಮಧ್ಯಾಹ್ನದ ತಿಂಡಿ. ಸಂಜೆಗೆ ಅದನ್ನು ನಂಬಿಕೊಂಡು ಹೋಗಬೇಡಿ.

ಮತ್ತೆ ಡೇಟನ್ ಕಡೆಯವರು, ಇನ್ನೊಬ್ಬರು

ಮಗಳ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅಲ್ಲಿ ಸಾಂಟಾನ ಒಂದು ಪುಟ್ಟ ಮನೆ ಇದೆ. ಆತ ತನ್ನ ಪಟ್ಟಿ ನೋಡಿಕೊಂಡು, ಆಗಾಗ ಚಿಮಣಿಯಲ್ಲಿ ಮೇಲಕ್ಕೆ ಹೋಗುತ್ತಾನೆ. ನನ್ನ ಮಗಳು ಅದನ್ನು ಮೂರು ಸಲ ನೋಡಿದಳು. ಪುಟಾಣಿ ಊರಿನ ಮಾದರಿಯೂ ಇದೆ, ಅದರ ಮುಂದೆ ಮಕ್ಕಳು ಕದಲುವುದಿಲ್ಲ. ಚಾವಣಿ ಇರುವ ಮರದ ಸೇತುವೆಯ ಮೇಲೆ ಹಾಡಿಗೆ ತಕ್ಕ ಹಾಗೆ ದೀಪ ಕುಣಿಯುತ್ತದೆ. ಮೂರು ಸಾವಿರಕ್ಕೂ ಜಾಸ್ತಿ ಸಾಂಟಾ ಗೊಂಬೆ ಇಟ್ಟಿರುವ ಒಂದು ಕೋಣೆ ಇದೆ. ಎಲ್ಲರಿಗೂ ಚಳಿ ಆದಾಗ ಅಲ್ಲಿಗೆ ನುಗ್ಗಿ, ನಮ್ಮ ಗೊಂಬೆ ಕೂರಿಸುವ ಹಬ್ಬ ನೆನಪಾಗುತ್ತದೆ.

ಇನ್ನು ನಿಮ್ಮ ಮಾವನಿಗೆ ಇದನ್ನು ಹೇಳಿ, ಅವರೇ ಹೊರಡುತ್ತಾರೆ. ಮೈಸೂರು ಅರಮನೆಯಲ್ಲಿ ಸುಮಾರು ಒಂದು ಲಕ್ಷ ಬಲ್ಬು. ಇಲ್ಲಿ ದೀಪದ ಲೆಕ್ಕ 40 ಲಕ್ಷ ದಾಟುತ್ತದೆ, ಆದರೆ ಚಿಕ್ಕ ಚಿಕ್ಕವು. ಅರಮನೆಯ ಗತ್ತೇ ಬೇರೆ, ಅದಕ್ಕೆ ಇದನ್ನು ಹೋಲಿಸುವುದು ಬೇಡ. ಲೈನ್‌ಮ್ಯಾನ್ ಆಗಿದ್ದವರಿಗೆ ಹಿಡಿಸುವ ವಿಷಯ ಬೇರೆಯೇ ಇದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಈ ಮಿಲ್ಲಿನಲ್ಲೇ ನೀರಿನಿಂದ ಕರೆಂಟ್ ಮಾಡಿ ಸುತ್ತಲಿನ ಊರುಗಳಿಗೆ ಕೊಡುತ್ತಿದ್ದರು. ಹೆಚ್ಚುಕಡಿಮೆ ಅದೇ ಕಾಲ ಅಲ್ವಾ ನಮ್ಮ ಶಿವನಸಮುದ್ರದ್ದು? 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಮಳವಳ್ಳಿಯವರಿಗೆ ಶಿವನಸಮುದ್ರದ ಬಗ್ಗೆ ನಾನು ಹೇಳುವುದೇನಿದೆ.

ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ, ಬುಧವಾರ, ಹೋಗಿ ಬಂದೆವು. ಶಿವನಸಮುದ್ರದ ಮಾತು ಹೇಳಿದ ಕೂಡಲೇ ಮಾವ ಶೂ ಎಲ್ಲಿ ಅಂತ ಕೇಳಿದರು!

ಎರಡೂವರೆಗೇ ಮಿಲ್ಲು ಸೇರಿದೆವು. ಮಾವ ಅಂಗಡಿಯವರ ಹತ್ತಿರ ಟರ್ಬೈನ್ ಎಲ್ಲಿದೆ, ನೀರು ಎಷ್ಟು ಎತ್ತರದಿಂದ ಬೀಳುತ್ತೆ ಅಂತ ಕೇಳುತ್ತಲೇ ಇದ್ದರು, ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದೆ. ಇಷ್ಟು ದಿನ ನಮ್ಮ ಮನೆಯಲ್ಲಿ ಸುಮ್ನೆ ಟೀವಿ ಮುಂದೆ ಕೂರುತ್ತಿದ್ದವರು ಅಷ್ಟು ಮಾತಾಡಿದ್ದು ನೋಡಿ ನನಗೆ ಗಂಟಲು ಕಟ್ಟಿತು. ದೀಪ ಹತ್ತಿದಾಗ ಒಂದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ ಮಗಳನ್ನು ಎತ್ತಿಕೊಂಡು, "ಒಂದು ಬಲ್ಬು ಕೆಟ್ಟರೆ ಹುಡುಕೋರಿಗೆ ಎಷ್ಟು ಕಷ್ಟ ನೋಡು ಪುಟ್ಟಾ" ಅಂದರು.

ಅತ್ತೆಗೆ ಕಾಲು ಬೆಚ್ಚಗಿತ್ತು, ಎರಡೆರಡು ಸಲ ಕೇಳಿದೆ. ಅವರು ಅಲ್ಲಿಂದ ಒಂದು ಪೊಟ್ಟಣ ಮೆಕ್ಕೆಜೋಳದ ಹಿಟ್ಟು ತಂದಿದ್ದಾರೆ. ಈಗ ಅದಕ್ಕೆ ಸಬ್ಬಸಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕಾವಲಿ ಮೇಲೆ ರೊಟ್ಟಿ ತಟ್ಟುತ್ತಿದ್ದಾರೆ. ಕರೆಯುತ್ತಿದ್ದಾರೆ, ಹೋಗುತ್ತೇನೆ.