ಸ್ಪ್ರೆಡ್‌ಶೀಟಿನ 'ಸೆಲ್'ಗೆ ಮನೆ ಅನ್ನಬಹುದಾ? 'ಹಾಳೆ' ಯಾಕೋ ಒಗ್ಗುತ್ತಿಲ್ಲ

ಗೆಳೆಯರೇ, ನಮಸ್ಕಾರ.

ಶಿರಸಿ ಹತ್ತಿರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಡಿಕೆ ಲೆಕ್ಕ ಬರೆಯೋಕೆ ಅವರಿಗೊಂದು ಸಣ್ಣ ಲ್ಯಾಪ್‌ಟಾಪ್ ಸರಿಮಾಡಿ ಕೊಡಬೇಕಿತ್ತು. 2 ಜಿಬಿ ರ‍್ಯಾಮ್, 32 ಜಿಬಿ ಜಾಗ, ಅಷ್ಟೇ. "ಇದು ಹಗುರ ಲ್ಯಾಪ್‌ಟಾಪ್" ಅಂದೆ. ಅವರ ಬಾಯಲ್ಲಿ 'ಹಗೂರ' ಅಂದ್ರೆ ನಿಧಾನ. ದೊಡ್ಡದೊಂದು ಆಫೀಸ್ ಸಾಫ್ಟ್‌ವೇರ್ ತೆರೆದುಕೊಳ್ಳುವಷ್ಟರಲ್ಲಿ ಚಹಾ ಮಾಡಿ ತಂದು, "ಹೌದು ತಮಾ, ಹಗೂರನೇ ಇದ್ದು" ಅಂದರು.

ಕೊನೆಗೆ ಲುಬುಂಟು ಅನ್ನೋ ಸಣ್ಣ ಆಪರೇಟಿಂಗ್ ಸಿಸ್ಟಮ್ ಹಾಕಿ, ಅದರ ಮೇಲೆ ಗ್ನುಮೆರಿಕ್ ಹಾಕಿದೆ. ಅದು ಬರೀ ಸ್ಪ್ರೆಡ್‌ಶೀಟ್, ಅಂದ್ರೆ ಸಾಲು ಸಾಲು ಚೌಕಗಳಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್. ಪತ್ರ ಬರೆಯೋದು, ಸ್ಲೈಡ್ ತೋರಿಸೋದು ಅಂತ ಬೇರೆ ಸಂಸಾರ ಇಲ್ಲ. ತಟ್ಟನೆ ತೆರೆಯಿತು. ಆದರೆ ಕನ್ನಡ ಫಾಂಟ್ ಇರಲಿಲ್ಲ, 'ರಾಶಿ', 'ಚಾಲಿ' ಅಂತ ಅಡಿಕೆಯ ಬಗೆ ಬರೆದರೆ ಚೌಕದೊಳಗೆ ಸಣ್ಣ ಚೌಕಗಳು. ನೋಟೋ ಸಾನ್ಸ್ ಕನ್ನಡ ಹಾಕಿದ ಮೇಲೆ ಅಕ್ಷರ ಮೂಡಿದವು.

ತಕರಾರು ಶುರುವಾಗಿದ್ದು ಹೇಳಿಕೊಡುವಾಗ. ಸ್ಪ್ರೆಡ್‌ಶೀಟ್ ಅಂದ್ರೆ ಹರಡುಹಾಳೆ ಅಂತ ನಾನು ದೊಡ್ಡದಾಗಿ ಕನ್ನಡ ಮಾಡಿದೆ. ಚಿಕ್ಕಮ್ಮ ನಕ್ಕರು. "ಹಾಳೆ ಎಂತಕ್ಕೆ ಹರಡ್ತ್ಯ ತಮಾ, ಹರಡದು ಅಡಿಕೆ ಅಲ್ದಾ?" ತೋಟದವರಿಗೆ ಹಾಳೆ ಅಂದ್ರೆ ಮೊದಲು ಅಡಿಕೆ ಮರದಿಂದ ಬೀಳುವ ಹಾಳೆ. ತಟ್ಟೆ, ಟೊಪ್ಪಿ ಮಾಡ್ತಾರಲ್ಲ, ಅದು. ಕಾಗದದ ಹಾಳೆ ಆಮೇಲೆ.

ಇಂಗ್ಲಿಷಿನ 'ಸ್ಪ್ರೆಡ್' ಕೂಡ ಅಂಗಳದಲ್ಲಿ ಹರಡುವ ಹರಡು ಅಲ್ಲ. ಪುಸ್ತಕ ಬಿಚ್ಚಿಟ್ಟಾಗ ಎದುರುಬದುರಾಗುವ ಎರಡು ಪುಟ. ಅಗಲದ ಲೆಕ್ಕದ ಕಾಗದಕ್ಕೆ ಆ ಹೆಸರಿತ್ತು, 1979ರಲ್ಲಿ ವಿಸಿಕ್ಯಾಲ್ಕ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಂದ ಮೇಲೆ ಅದೇ ಕಂಪ್ಯೂಟರಿಗೂ ಅಂಟಿತು. ಹಾಗೆ ನೋಡಿದರೆ ಎಡಕ್ಕೆ ಜಮಾ, ಬಲಕ್ಕೆ ಖರ್ಚು ಇರುವ ನಮ್ಮ ಕಿರ್ದಿಯೇ ಇದಕ್ಕೆ ಹತ್ತಿರದ ನೆಂಟ. 'ಕಿರ್ದಿ' ಅಂದಾಗ ಚಿಕ್ಕಮ್ಮನಿಗೆ ಮತ್ತೇನೂ ವಿವರಿಸಬೇಕಾಗಲಿಲ್ಲ. ಆದರೆ ಕಿರ್ದಿ ಅಂದ್ರೆ ದಿನದ ಲೆಕ್ಕ. ಶಾಲೆಯ ಅಂಕಪಟ್ಟಿಗೂ ಕಿರ್ದಿ ಅನ್ನೋಕಾಗುತ್ತಾ?

ರೋ, ಕಾಲಂಗಳಿಗೆ ಗಣಿತದ ಪುಸ್ತಕದ ಅಡ್ಡಸಾಲು, ಕಂಬಸಾಲು ಚೆನ್ನಾಗೇ ಕೂತವು. ಕಂಬ ಅಂದ್ರೆ ನಿಂತಿದ್ದು, ಇನ್ನೇನು ಬೇಕು? ಅಜ್ಜ ಮಾತ್ರ ಪಹಣಿ ಓದುವಾಗ ಕಾಲಂಗೆ 'ರಕಾನೆ' ಅನ್ನುತ್ತಿದ್ದರು. ಮರಾಠಿಯ 'ರಕಾನಾ' ಇದ್ದೀತು. 1956ರವರೆಗೆ ಈ ಜಿಲ್ಲೆ ಮುಂಬಯಿ ಕಡೆ ಇತ್ತಲ್ಲ. ಕಾರವಾರದವರು ಈಗಲೂ ಹಾಗೆ ಅಂತಾರಾ?

ಉಳಿದದ್ದು ಸೆಲ್, ಅಂದ್ರೆ ಆ ಸಾಲುಗಳು ಕೂಡುವ ಒಂದೊಂದು ಚೌಕ. 'ಕೋಶ' ಅಂದೆ, ಚಿಕ್ಕಮ್ಮನ ಮಗಳು ಜೀವಶಾಸ್ತ್ರದ ಚಿತ್ರ ನೆನೆಸಿಕೊಂಡಳು. ಚಿಕ್ಕಮ್ಮ ಮಾತ್ರ ಯಾರನ್ನೂ ಕೇಳದೆ 'ಮನೆ' ಅಂದುಬಿಟ್ಟರು. "ಈ ಮನೆಲಿ ಚಾಲಿ ರೇಟು, ಆ ಮನೆಲಿ ತೂಕ." ಚೌಕಾಬಾರದಲ್ಲಿ ಮನೆ, ಜಾತಕದ ಕುಂಡಲಿಯಲ್ಲಿ ಮನೆ, ಇಲ್ಲಿ ಯಾಕಾಗಬಾರದು? ನನಗಂತೂ ಕೋಶಕ್ಕಿಂತ ಇದೇ ಜಾಸ್ತಿ ಹಿಡಿಸಿತು. ಒಂದೇ ತೊಡಕು. ಅಕ್ಕಪಕ್ಕದ ಚೌಕ ಸೇರಿಸಿ ಒಂದು ಮಾಡುವ 'ಮರ್ಜ್ ಸೆಲ್ಸ್'ಗೆ ಏನನ್ನೋಣ? ಮನೆ ಕೂಡಿಸೋದು ಅಂದ್ರೆ ಪಾಲಾದ ಅಣ್ಣತಮ್ಮಂದಿರು ಮತ್ತೆ ಒಂದಾದ ಹಾಗೆ ಕೇಳುತ್ತೆ.

ನಿಮ್ಮ ಊರಲ್ಲಿ, ಅಂಗಡಿಯಲ್ಲಿ, ಸೊಸೈಟಿಯಲ್ಲಿ ಲೆಕ್ಕ ಬರೆಯುವವರು ಆ ಚೌಕಕ್ಕೆ ಏನನ್ನುತ್ತಾರೆ? ನಿಘಂಟಿನ ಪದ ಬೇಡ, ಬಾಯಲ್ಲಿ ಕೇಳಿದ್ದೇ ಬೇಕು. ಸದ್ಯ ಚಿಕ್ಕಮ್ಮನ ಫೈಲಿಗೆ 'ಕಿರ್ದಿ' ಅಂತಲೇ ಹೆಸರಿಟ್ಟಿದ್ದೇನೆ.