ಹೆಬ್ಬೆರಳು ನೋವು, ಕೌದಿ ಅರ್ಧಕ್ಕೆ ನಿಂತಿದೆ. ಯಾವ ಸಾಧನ ಒಳ್ಳೆಯದು?

ಪ್ರಶ್ನೆ:
ನನಗೆ ಎರಡೂ ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ. ಹತ್ತು ತುಂಡು ಬಟ್ಟೆ ಕತ್ತರಿಸುವಷ್ಟರಲ್ಲಿ ಕೈ ಸೋಲುತ್ತದೆ. ದಪ್ಪ ಪದರದಿಂದ ಸೂಜಿ ಎಳೆಯುವಾಗಂತೂ ಕಣ್ಣಲ್ಲಿ ನೀರು. ಮೊಮ್ಮಗಳಿಗೆಂದು ಶುರು ಮಾಡಿದ ಕೌದಿ, ಬಿಡಲು ಮನಸ್ಸಿಲ್ಲ.

ಉತ್ತರ 1:
ಬಿಡಬೇಡಿ. ನನ್ನದೂ ಇದೇ ನೋವು, ಆರು ವರ್ಷವಾಯಿತು. ಮೊದಲು ಕತ್ತರಿ ಬದಲಿಸಿ. ಸ್ಪ್ರಿಂಗ್ ಇರುವುದು ತಾನೇ ತೆರೆದುಕೊಳ್ಳುತ್ತದೆ, ನೀವು ಒತ್ತಿದರೆ ಸಾಕು. ನೇರ ತುಂಡುಗಳಿಗೆ ರೋಟರಿ ಕಟರ್ ಇರಲಿ, ಅಂದರೆ ಚಕ್ರದಂತೆ ಉರುಳುವ ದುಂಡು ಬ್ಲೇಡಿನ ಕಟರ್. ನಾನು 45 ಮಿ.ಮೀ. ಬಿಟ್ಟು 60 ಮಿ.ಮೀ. ಬ್ಲೇಡ್‌ಗೆ ಬಂದೆ. ದಪ್ಪ ಪದರವೂ ಸಲೀಸಾಗಿ ಕತ್ತರಿಸುತ್ತದೆ. ಬ್ಲೇಡ್ ಮೊಂಡಾದರೆ ಗೊತ್ತಿಲ್ಲದೆ ಜಾಸ್ತಿ ಒತ್ತುತ್ತೇವೆ ಅಲ್ವಾ, ಹಾಗಾಗಿ ಬೇಗ ಬದಲಿಸಿ. ನಿಂತು ಕತ್ತರಿಸಿ, ಭುಜದ ಬಲ ಸಿಗುತ್ತದೆ. ಸ್ಕೇಲ್ ಒತ್ತಿ ಹಿಡಿಯಲು ಬೆರಳು ಬೇಡ, ಗಾಜಿಗೆ ಅಂಟುವಂಥ ಸಕ್ಷನ್ ಹಿಡಿ ಅಂಟಿಸಿ.

ಉತ್ತರ 2:
ಸೂಜಿ ಎಳೆಯಲು ಹಳೆಯ ರಬ್ಬರ್ ಗ್ಲೌಸ್‌ನ ಬೆರಳು ಕತ್ತರಿಸಿ ಹಾಕಿಕೊಳ್ಳಿ. ಜಾರುವುದಿಲ್ಲ, ಗಟ್ಟಿಯಾಗಿ ಚಿವುಟಬೇಕಾಗಿಯೂ ಇಲ್ಲ. ಗುಂಡುಸೂಜಿ ಬದಲು ಕ್ಲಿಪ್ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದರಿಂದ ನೋವು ಹೆಚ್ಚಾಯಿತು, ಏಕೆಂದರೆ ಪ್ರತಿ ಕ್ಲಿಪ್ಪನ್ನೂ ಹೆಬ್ಬೆರಳಲ್ಲೇ ಒತ್ತಬೇಕು. ನಾಲ್ಕೈದು ತಂದು ನೋಡಿ, ಸುಮ್ನೆ ಡಬ್ಬಿಗಟ್ಟಲೆ ಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:
ಗ್ಲೌಸ್ ಬೆರಳು ಈಗಲೇ ಹಾಕಿ ನೋಡಿದೆ. ಒಂದು ಸಾಲು ಪೂರ್ತಿ ಹೊಲಿದೆ! ಸೂಜಿಗೆ ದಾರ ಪೋಣಿಸುವುದೂ ಕಷ್ಟ, ಅದಕ್ಕೇನಾದರೂ ಇದೆಯಾ?

ಉತ್ತರ 1:
ಮೇಲೆ ಸೀಳಿರುವ ಸೂಜಿ ಸಿಗುತ್ತದೆ. ದಾರವನ್ನು ಮೇಲಿಂದ ಒತ್ತಿದರೆ ಕಣ್ಣೊಳಗೆ ಕೂರುತ್ತದೆ.