ಅತ್ತೆಗೆ ಕ್ಯಾನ್ಸರ್ ಟ್ರೀಟ್ಮೆಂಟು, ನೋಡ್ಕೊಳ್ತಿರೋ ನನ್ನ ಮೇಲೆ ಸ್ಟಡಿ ಅಂತೆ, ಸೈನ್ ಮಾಡ್ಲಾ ಬೇಡ್ವಾ?

ಬೆಣ್ಣೆದೋಸೆ_ದಾವಣಗೆರೆ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ ಬೇಜಾರ್ ಮಾಡ್ಕೋಬೇಡಿ.

ನಮ್ಮತ್ತೆಗೆ ಬಾಯಿ ಕ್ಯಾನ್ಸರ್, ಕೆನ್ನೆ ಒಳಗಡೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ಕೊಳ್ಳೋ ಅಭ್ಯಾಸ ಮೊದ್ಲಿಂದ್ಲೂ ಇತ್ತು. ಆಪರೇಷನ್ ಆಗಿ ಈಗ ಬೆಂಗ್ಳೂರಲ್ಲಿ ರೇಡಿಯೇಷನ್ ನಡೀತಿದೆ, ಸೋಮವಾರದಿಂದ ಶುಕ್ರವಾರ ದಿನಾ ಹೋಗ್ಬೇಕು ಅಂತ ಆಸ್ಪತ್ರೆ ಹತ್ರಾನೇ ಒಂದು ರೂಮ್ ಬಾಡಿಗೆಗೆ ತಗೊಂಡು ನಾನು ಅತ್ತೆ ಇಬ್ರೇ ಇದೀವಿ. ಯಜಮಾನ್ರು ಅಂಗಡಿ ಬಿಟ್ಟು ಬರೋಕಾಗಲ್ಲ, ಭಾನುವಾರ ಬಂದು ಹೋಗ್ತಾರೆ. ಮಗಳು ನಮ್ಮಮ್ಮನ ಮನೇಲಿ.

ಅತ್ತೆಗೆ ನುಂಗೋಕಾಗಲ್ಲ, ಊಟ ಎಲ್ಲಾ ಮೂಗಿನ ಟ್ಯೂಬಲ್ಲೇ. ರಾಗಿ ಗಂಜಿ, ಬೇಳೆಕಟ್ಟು, ಹಾಲು ಏನಾದ್ರೂ ಸರಿ ಮಿಕ್ಸಿಗೆ ಹಾಕಿ, ಹಳೇ ಪಂಚೆ ಬಟ್ಟೆಲಿ ಎರಡು ಸಲ ಸೋಸಿ, ಸಿರಿಂಜಲ್ಲಿ ನಿಧಾನಕ್ಕೆ ಬಿಡ್ಬೇಕು. ಒಂದು ತರಿ ಉಳಿದ್ರೂ ಟ್ಯೂಬ್ ಕಟ್ಕೊಳ್ಳುತ್ತೆ. ಒಂದು ಸಲ ಕೊಟ್ಟು ಪಾತ್ರೆ ತೊಳೆಯೋಷ್ಟರಲ್ಲಿ ಇನ್ನೊಂದು ಸಲದ ಟೈಮ್ ಆಗಿರುತ್ತೆ.

ಈಗ ವಿಷ್ಯಕ್ಕೆ ಬರ್ತೀನಿ. ಮೊನ್ನೆ ಓಪಿಡಿಲಿ ಕೂತಿದ್ದಾಗ ಒಂದು ಹುಡುಗಿ ಫೈಲ್ ಹಿಡ್ಕೊಂಡು ಬಂದು, ಕ್ಯಾನ್ಸರ್ ಪೇಷೆಂಟ್‌ಗಳನ್ನ ನೋಡ್ಕೊಳ್ಳೋ ಮನೆಯವ್ರ ಬಗ್ಗೆ ಸ್ಟಡಿ ಮಾಡ್ತಿದೀವಿ, ನೀವು ಸೇರ್ಕೋತೀರಾ ಅಂದ್ಲು. 22 ಪ್ರಶ್ನೆ ಇದೆಯಂತೆ, 'ಯಾವತ್ತೂ ಇಲ್ಲ'ದಿಂದ 'ಯಾವಾಗ್ಲೂ' ತನಕ ಟಿಕ್ ಹಾಕೋದು. ಹೇಗಿರುತ್ತೆ ಅಂತ ತೋರ್ಸೋಕೆ ಒಂದೆರಡು ಓದಿದ್ಲು. ನಿಮಗೆ ಅಂತ ಟೈಮ್ ಸಿಗ್ತಿಲ್ಲ ಅನ್ಸುತ್ತಾ? ಸರಿ. ಇವ್ರನ್ನ ನೋಡ್ಕೊಳ್ಳೋದನ್ನ ಬೇರೆ ಯಾರಿಗಾದ್ರೂ ಬಿಟ್ಟುಬಿಡೋಣ ಅನ್ಸುತ್ತಾ? ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ರು! ನಾನು ಏನ್ ಹೇಳ್ಲಿ, ಇಲ್ಲಪ್ಪ ಯಾವತ್ತೂ ಇಲ್ಲ ಅಂದೆ. ಹಿಂದಿನ ರಾತ್ರಿನೇ ಅನ್ಸಿತ್ತು.

ಇನ್ನೊಂದು, ಅತ್ತೆಗೆ ನಾವು ಗಡ್ಡೆ ಅಂತಷ್ಟೇ ಹೇಳಿರೋದು. ಅವ್ಳು ಕ್ಯಾನ್ಸರ್ ಕ್ಯಾನ್ಸರ್ ಅಂತ ಅವ್ರ ಮುಂದೇನೇ ಹೇಳ್ಬಿಟ್ಲು. ಅತ್ತೆ ಏನೂ ಕೇಳ್ಲಿಲ್ಲ, ಸುಮ್ನೆ ಸೆರಗು ಸರಿ ಮಾಡ್ಕೊಂಡ್ರು.

ಸೈನ್ ಹಾಕಲ್ಲ ಅಂದ್ರೆ ಟ್ರೀಟ್ಮೆಂಟಲ್ಲಿ ಏನಾದ್ರೂ ವ್ಯತ್ಯಾಸ ಮಾಡ್ತಾರಾ? ಹಾಕಿದ್ರೆ ನಮಗೇನಾದ್ರೂ ಉಪಯೋಗ ಇದೆಯಾ? ಪೇಷೆಂಟ್ ಬಿಟ್ಟು ನನ್ನ ಮೇಲೆ ಯಾಕೆ ಸ್ಟಡಿ, ನಂಗೇನಾಗಿದೆ?

---

ಕೋಆರ್ಡಿನೇಟರ್_ಪುಟ್ಟಿ

ಮೇಡಂ, ನಾನು ಬೇರೆ ಊರಲ್ಲಿ ಇದೇ ಕೆಲ್ಸ ಮಾಡ್ತೀನಿ, ಫೈಲ್ ಹಿಡ್ಕೊಂಡು ಓಡಾಡೋದು. ಮೊದ್ಲು ಧೈರ್ಯವಾಗಿರಿ, ಬೇಡ ಅಂದ್ರೆ ಟ್ರೀಟ್ಮೆಂಟಲ್ಲಿ ಒಂದಿಷ್ಟೂ ವ್ಯತ್ಯಾಸ ಮಾಡೋ ಹಾಗಿಲ್ಲ. ಐಸಿಎಂಆರ್‌ನವ್ರ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಗೈಡ್‌ಲೈನ್ಸಲ್ಲಿ ಇದು ಸ್ಪಷ್ಟವಾಗಿದೆ, ಯಾವ ಎಥಿಕ್ಸ್ ಕಮಿಟಿನೂ (ಸ್ಟಡಿಲಿ ಸೇರೋರಿಗೆ ಅನ್ಯಾಯ ಆಗ್ದಂಗೆ ನೋಡೋ ಸಮಿತಿ) ಇದಿಲ್ದೆ ಸ್ಟಡಿಗೆ ಒಪ್ಪಿಗೆ ಕೊಡಲ್ಲ. ಸೇರಿದ್ಮೇಲೂ ಅರ್ಧಕ್ಕೆ ಬಿಡ್ಬಹುದು, ಕಾರಣ ಹೇಳೋದೂ ಬೇಕಿಲ್ಲ. ಕನ್ನಡದಲ್ಲಿರೋ ಮಾಹಿತಿ ಪತ್ರ ಕೇಳಿ ಇಸ್ಕೊಳ್ಳಿ, ಮನೆಗೆ ತಗೊಂಡ್ ಹೋಗಿ ಯಜಮಾನ್ರಿಗೂ ತೋರ್ಸಿ, ಅವತ್ತೇ ಅಲ್ಲೇ ಸೈನ್ ಹಾಕ್ಬೇಕು ಅಂತೇನಿಲ್ಲ. ಅದ್ರಲ್ಲಿ ಎಥಿಕ್ಸ್ ಕಮಿಟಿ ಫೋನ್ ನಂಬರ್ ಇರ್ಬೇಕು, ಇಲ್ಲಾಂದ್ರೆ ಕೇಳಿ.

ಆದ್ರೆ ಆ ಹುಡುಗಿ ಅತ್ತೆ ಪಕ್ಕ ಕೂತಾಗ ಓದಿದ್ದು ತಪ್ಪು. ಈ ಪ್ರಶ್ನೆಗಳನ್ನ ಬೇರೆ ರೂಮಲ್ಲಿ, ನೀವೊಬ್ರೇ ಇದ್ದಾಗ ಕೇಳ್ಬೇಕು. ನೀವು ಹೇಳಿದ್ದು ನೋಡಿದ್ರೆ ಅದು ನೋಡ್ಕೊಳ್ಳೋರ ಮೇಲಿನ ಹೊರೆ ಅಳೆಯೋ ಝಾರಿಟ್ ಅವ್ರ ಪ್ರಶ್ನಾವಳಿ ಇರ್ಬೇಕು, 22 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4, ಒಟ್ಟು ಹೆಚ್ಚಂದ್ರೆ 88. ಅದು 1980ರಲ್ಲಿ ಅಮೆರಿಕದಲ್ಲಿ ಮರೆವಿನ ಕಾಯಿಲೆ ಬಂದ ವಯಸ್ಸಾದವ್ರನ್ನ ನೋಡ್ಕೊಳ್ಳೋರಿಗೆ ಅಂತ ಶುರುವಾಗಿದ್ದು, ಆಮೇಲೆ ಎಲ್ಲಾ ಕಾಯಿಲೆಗೂ ಬಳಸ್ತಿದಾರೆ. ನಮ್ಮ ಕಡೆ ಸೊಸೆ ಟಿಕ್ ಹಾಕೋವಾಗ ಅತ್ತೆನೋ ಗಂಡನೋ ಪಕ್ಕದಲ್ಲಿದ್ರೆ ಎಲ್ಲಾ 'ಯಾವತ್ತೂ ಇಲ್ಲ'ನೇ ಬರುತ್ತೆ, ಆಮೇಲೆ ರಿಪೋರ್ಟಲ್ಲಿ ಭಾರತದ ಕುಟುಂಬಗಳಿಗೆ ಹೊರೆನೇ ಇಲ್ಲ ಅಂತ ಬರೀತಾರೆ 😑 ನಾನೇ ಎಷ್ಟೋ ಸಲ ಗಂಡಂದಿರನ್ನ ಬಿಲ್ಲಿಂಗ್ ಕೌಂಟರ್‌ಗೆ ಕಳಿಸಿ ಆಮೇಲೆ ಕೇಳಿದೀನಿ.

ಬಿಟ್ಟುಬಿಡೋಣ ಅನ್ಸುತ್ತಾ ಅನ್ನೋ ಪ್ರಶ್ನೆ ಇರೋದೇ ಅದು ತುಂಬಾ ಜನಕ್ಕೆ ಅನ್ಸುತ್ತೆ ಅಂತ. ಅನ್ಸಿದ ಮಾತ್ರಕ್ಕೆ ನೀವು ಕೆಟ್ಟವ್ರಾಗಲ್ಲ.

---

ಮಂಡ್ಯದ್_ಹೈದ

ಅಕ್ಕ ನೇರವಾಗಿ ಹೇಳ್ಬುಡ್ತೀನಿ, ಉಪಯೋಗ ಅವ್ರಿಗೆ, ನಿಮ್ಗಲ್ಲ. ನಮ್ಮಪ್ಪಂಗೆ ಗಂಟಲು ಕ್ಯಾನ್ಸರ್ ಆದಾಗ ಒಂದು ಆಸ್ಪತ್ರೇಲಿ ನನ್ನ ಹತ್ರನೂ ಹಿಂಗೇ ಫಾರ್ಮ್ ತುಂಬಿಸ್ಕೊಂಡ್ರು. ನಾನು ಮುಚ್ಚಿಡದೆ ಎಲ್ಲಾ ನಿಜಾನೇ ಬರ್ದೆ, ನಿದ್ದೆ ಇಲ್ಲ, ಸಾಲ ಆಗೈತೆ, ಕುಡಿಯೋದು ಜಾಸ್ತಿ ಆಗೈತೆ ಅಂತಾನೂ ಬರ್ದೆ. ಸ್ಕೋರ್ ಜಾಸ್ತಿ ಬಂತು ಅಂದ್ರು, ಥ್ಯಾಂಕ್ಸ್ ಸರ್ ಅಂದ್ರು, ಹೋದ್ರು. ಒಂದ್ ಫೋನ್ ಇಲ್ಲ ಏನಿಲ್ಲ. ಯಾರ್ದೋ ಥೀಸಿಸ್ ಆಯ್ತು ಅಷ್ಟೇ.

ಅದಕ್ಕೆ ಒಂದೇ ಒಂದ್ ಮಾತು ಕೇಳಿ ಅವ್ಳನ್ನ: ನಂಬರ್ ಜಾಸ್ತಿ ಬಂದ್ರೆ ನಂಗೆ ಯಾರು ಫೋನ್ ಮಾಡ್ತಾರೆ? ಹೆಸ್ರು ಹೇಳಿದ್ರೆ ಸೈನ್ ಹಾಕಿ, ಇಲ್ಲ ಅಂದ್ರೆ ಹೋಗಿ ಒಂದ್ ಗಂಟೆ ಮಲಿಕಳಿ.

---

ಓದೋ_ಚಟ

ಮಂಡ್ಯದವ್ರ ಸಿಟ್ಟು ನ್ಯಾಯವಾದದ್ದೇ, ಆ ಪ್ರಶ್ನೆಯಂತೂ ಬಹಳ ಸರಿ. ಆದ್ರೆ ಉಪಯೋಗನೇ ಇಲ್ಲ ಅನ್ನೋದು ಒಪ್ಪಲ್ಲ. ನಾನು ಡಾಕ್ಟರಲ್ಲ, ಮನೇಲಿ ಕಾಯಿಲೆ ಬಂದ್ಮೇಲೆ ಇದನ್ನೆಲ್ಲಾ ಓದೋ ಹುಚ್ಚು ಹಿಡೀತು.

ನಿಮ್ಮ ಮೇಲೆ ಯಾಕೆ ಸ್ಟಡಿ ಅಂದ್ರಲ್ಲ. 1999ರಲ್ಲಿ ಅಮೆರಿಕದ ಒಂದು ಸಂಶೋಧನೆ ಬಂತು, ಕಾಯಿಲೆ ಗಂಡನನ್ನೋ ಹೆಂಡ್ತಿನೋ ನೋಡ್ಕೊಳ್ಳೋ ವಯಸ್ಸಾದವ್ರನ್ನ ನಾಲ್ಕು ವರ್ಷ ಗಮನಿಸಿದ್ರು. ನೋಡ್ಕೊಳ್ಳೋದ್ರ ಜೊತೆಗೆ ಅದ್ರಿಂದ ಬಳಲಿದ್ದವ್ರಲ್ಲಿ ಸಾವಿನ ಅಪಾಯ, ಆ ಜವಾಬ್ದಾರಿ ಇಲ್ಲದವ್ರಿಗಿಂತ ಶೇ 63 ಜಾಸ್ತಿ ಇತ್ತು. ಅದು ಕ್ಯಾನ್ಸರ್ ಒಂದರ ಬಗ್ಗೆನೇ ಅಲ್ಲ, ಅವ್ರೆಲ್ಲಾ ವಯಸ್ಸಾದವ್ರು, ನಿಮಗೆ ಹಾಗೇ ಅನ್ವಯಿಸುತ್ತೆ ಅಂತಲ್ಲ. ಆದ್ರೆ ಪೇಷೆಂಟ್ ಜೊತೆ ಬಂದವ್ರ ಬಿಪಿನೂ ನೋಡ್ಬೇಕು ಅನ್ನೋ ಯೋಚನೆ ಬಲವಾಗಿದ್ದು ಇಂಥ ಕೆಲಸಗಳಿಂದ.

ಆಮೇಲೆ 2010ರದ್ದು, ಬಾಸ್ಟನ್‌ದು. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರಲ್ಲಿ ಅರ್ಧ ಜನಕ್ಕೆ ಮಾಮೂಲಿ ಟ್ರೀಟ್ಮೆಂಟ್, ಇನ್ನರ್ಧಕ್ಕೆ ಅದರ ಜೊತೆಗೆ ಶುರುವಿಂದ್ಲೇ ಪ್ಯಾಲಿಯೇಟಿವ್ ಟೀಮ್, ಅಂದ್ರೆ ನೋವು, ಸಂಕಟ ಕಡಿಮೆ ಮಾಡೋಕೆ ನೋಡ್ಕೊಳ್ಳೋ ತಂಡ. ಎರಡನೇ ಗುಂಪಿನವ್ರ ಮನಸ್ಥಿತಿ ಚೆನ್ನಾಗಿತ್ತು, ಕೊನೆಗಾಲದಲ್ಲಿ ಜೋರು ಕೀಮೋ ಕಡಿಮೆ ಆಯ್ತು, ಆದ್ರೂ ಬದುಕಿದ್ದು ಜಾಸ್ತಿ, ಮೀಡಿಯನ್ (ಸಾಲಲ್ಲಿ ನಡುವಿನವ್ರ) ಲೆಕ್ಕದಲ್ಲಿ 11.6 ತಿಂಗಳು, ಇನ್ನೊಂದು ಗುಂಪಿಗೆ 8.9. ಪ್ಯಾಲಿಯೇಟಿವ್ ಅಂದ್ರೆ ಕೈಬಿಟ್ರು ಅಂತ ಅಳೋ ಮನೆಗಳಿಗೆ ಇದನ್ನ ಹೇಳ್ಬೇಕು. ಆದ್ರೆ ನಮ್ಮ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವ್ರು ಮುಂಬೈಲಿ, ತಲೆ ಕುತ್ತಿಗೆ ಕ್ಯಾನ್ಸರ್ ಮುಂದುವರಿದಿದ್ದ 180 ಜನರಲ್ಲಿ ಇದೇ ಥರ ಮಾಡಿ ನೋಡಿದ್ರು, ಅಲ್ಲಿ ಜೀವನದ ಗುಣಮಟ್ಟದಲ್ಲೂ ಆಯಸ್ಸಲ್ಲೂ ಹೇಳ್ಕೊಳ್ಳೋ ವ್ಯತ್ಯಾಸ ಕಾಣ್ಲಿಲ್ಲ. ಬಾಸ್ಟನ್‌ದನ್ನ ತಂದು ಇಲ್ಲಿ ಅಂಟ್ಸಿದ್ರೆ ಆಗಲ್ಲ ಅಂತ ಗೊತ್ತಾಗಿದ್ದೇ ಇಲ್ಲಿಯವ್ರು ಇಲ್ಲಿ ಸೈನ್ ಹಾಕಿದ್ರಿಂದ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು 2015ರ ಇನ್ನೊಂದು, ಅದೂ ಅಮೆರಿಕದ್ದೇ, ಹಳ್ಳಿ ಕಡೆ ಜನ ಜಾಸ್ತಿ ಇರೋ ಜಾಗ. ನೋಡ್ಕೊಳ್ಳೋರಿಗೇ ನರ್ಸ್ ಫೋನ್ ಮಾಡಿ ವಾರಕ್ಕೊಂದರಂತೆ ಮೂರು ಸಲ ಮಾತಾಡೋದು, ಆಮೇಲೆ ತಿಂಗಳಿಗೊಂದು. ಒಂದು ಗುಂಪಿಗೆ ತಕ್ಷಣ ಶುರು, ಇನ್ನೊಂದಕ್ಕೆ ಮೂರು ತಿಂಗಳು ತಡವಾಗಿ. ಬೇಗ ಶುರುವಾದವ್ರಲ್ಲಿ ಖಿನ್ನತೆ ಕಡಿಮೆ ಇತ್ತು. ಹೊರೆ ಮಾತ್ರ ಅಷ್ಟೇನೂ ಇಳೀಲಿಲ್ಲ, ಇಳಿಯೋದಾದ್ರೂ ಹೇಗೆ, ಫೋನಲ್ಲಿ ಮಾತಾಡಿದ್ರೆ ಗಂಜಿ ಸೋಸೋರು ಬರಲ್ವಲ್ಲ. ಆದ್ರೂ ಯಾರೂ ಬಸ್ ಹತ್ತದೆ ಇಷ್ಟು ಆಗುತ್ತೆ ಅಂದ್ರೆ ನಮ್ಮ ಜಿಲ್ಲೆಗಳಿಗೆ ಹೇಳಿ ಮಾಡ್ಸಿದ ಹಾಗಿದೆ.

ನಿಮ್ಮ ಹತ್ರ ಕೇಳ್ತಿರೋದು ಬರೀ ಲೆಕ್ಕ ಹಾಕೋ ಸ್ಟಡಿನಾ ಅಥವಾ ಏನಾದ್ರೂ ಸಹಾಯ ಕೊಟ್ಟು ನೋಡೋ ಸ್ಟಡಿನಾ ಕೇಳಿ. ಎರಡನೇದಾದ್ರೆ ನಾನಾಗಿದ್ರೆ ಸೇರ್ತಿದ್ದೆ.

---

ಹುಬ್ಬಳ್ಳಿ_ಸಿಸ್ಟರ್

ಅಕ್ಕಾರ ನಮಸ್ಕಾರ್ರಿ. ನಾ ಕ್ಯಾನ್ಸರ್ ವಾರ್ಡಿನ್ಯಾಗ ಭಾಳ ವರ್ಷ ನರ್ಸ್ ಇದ್ದಾಕಿ, ಈಗ ರಿಟೈರ್ಡ್. ಸ್ಟಡಿ ವಿಷಯ ಮ್ಯಾಲಿನವ್ರು ಹೇಳ್ಯಾರ, ನಾ ಬ್ಯಾರೆ ಎರಡು ಮಾತು ಹೇಳ್ತೀನಿ.

ನಿಮ್ಮತ್ತಿಗೆ ಗೊತ್ತೈತ್ರಿ. ದಿನಾ ರೇಡಿಯೇಷನ್ ಸಾಲಿನ್ಯಾಗ ಕುಂದ್ರತಾರ, ಬಾಜೂಕ ಕುಂತಾಕಿ ನಿಮಗ ಎಲ್ಲಿ ಕ್ಯಾನ್ಸರ್ ರೀ ಅಂತ ಕೇಳೇ ಇರ್ತಾಳ. ಸೆರಗು ಸರಿ ಮಾಡ್ಕೊಂಡ್ರು ಅಂದ್ರೆಲ್ಲಾ, ಅಲ್ಲೇ ತಿಳೀತು ನನಗ. ನೀವು ಅವರಿಗಾಗಿ ಮುಚ್ಚಿಡ್ತೀರಿ, ಅವರು ನಿಮಗಾಗಿ ಗೊತ್ತಿಲ್ಲದಂಗ ಇರ್ತಾರ, ಒಂದ ರೂಮಿನ್ಯಾಗ ಇಬ್ರೂ ಬ್ಯಾರೆ ಬ್ಯಾರೆ ಹೊರಿ ಹೊರೂದು. ನೀವಾಗಿ ಹೇಳೂದು ಬ್ಯಾಡ, ನಿಮಗ ಏನನಸ್ತದ ಅತ್ತಿ, ಏನರ ಕೇಳೂದೈತೇನು ಅಂತ ಕೇಳ್ರಿ, ಕೇಳಿ ಸುಮ್ಮನ ಕುಂದರ್ರಿ. ಅವರು ಬ್ಯಾಡ ಅಂದ್ರ ಬಿಡ್ರಿ, ಅದೂ ಅವರ ಹಕ್ಕ. ಡಾಕ್ಟರಿಗೆ ಹೇಳಿದ್ರ ಅವರೂ ಮಾತಾಡ್ತಾರ.

ಇನ್ನ ಟ್ಯೂಬ್. ಗಂಜಿ ಬಿಡೂ ಮುಂದ ಎತ್ತರಕ್ಕ ಕುಂದ್ರಸ್ರಿ, ಬಿಟ್ಟ ಮ್ಯಾಲೂ ಅರ್ಧ ತಾಸು ಮಲಗಸಬ್ಯಾಡ್ರಿ. ಮುಗದ ಮ್ಯಾಲೆ ಪ್ರತಿ ಸಲ ಕುದಿಸಿ ಆರಿಸಿದ ನೀರು ಬಿಟ್ಟು ತೊಳೀರಿ. ಮೂಗಿನ ಹತ್ರ ಟ್ಯೂಬಿಗೆ ಗುರುತು ಇರ್ತದ, ಅದು ಸರಿದಿದ್ರ ಏನೂ ಬಿಡಬ್ಯಾಡ್ರಿ, ಆಸ್ಪತ್ರಿಗೆ ಹೋಗ್ರಿ. ರಾತ್ರಿ ಫೀಡ್ ಬೇಕೇಬೇಕೇನು ಅಂತ ಡಯಟೀಷಿಯನ್ ಕೇಳ್ರಿ, ಹಗಲ ಹೊತ್ತಿನ್ಯಾಗ ಪ್ರಮಾಣ ಹೊಂದಿಸಿ ರಾತ್ರಿ ನಿಮಗ ಒಂದು ನಿದ್ದಿ ಬಿಡಸ್ತಾರ ಖರೆ. ಇದನ್ನ ಯಾರೂ ತಾವಾಗಿ ಹೇಳೂದಿಲ್ಲ, ಕೇಳಬೇಕು. ಮತ್ತ ನೋವು ಜಾಸ್ತಿ ಇದ್ರ ತಡಕೊಳ್ರಿ ಅನ್ನಬ್ಯಾಡ್ರಿ. ಡಾಕ್ಟರ್ ಮಾರ್ಫಿನ್ ಗುಳಿಗಿ ಬರದ್ರ ಅದು ಕಡೀಗಾಲದ ಔಷಧ ಅಂತ ಅಂಜಬ್ಯಾಡ್ರಿ, ಹೊತ್ತಿಗೆ ಸರಿಯಾಗಿ ಕೊಡ್ರಿ, ಜೋಡಿ ಮಲಬದ್ಧತೆಗೂ ಔಷಧ ಬರಸ್ಕೊಳ್ರಿ.

---

ಲೀಡ್ಸ್_ಕನ್ನಡಿಗ

ಇಂಗ್ಲೆಂಡಿಂದ ಬರೀತಿದೀನಿ. ಇಲ್ಲಿ 2014ರ ಕೇರ್ ಆಕ್ಟ್ ಪ್ರಕಾರ ನೋಡ್ಕೊಳ್ಳೋರಿಗೆ ತಮ್ಮದೇ ಅಸೆಸ್ಮೆಂಟ್ ಮಾಡ್ಸಿಕೊಳ್ಳೋ ಹಕ್ಕಿದೆ, ಪೇಷೆಂಟ್‌ದು ಬೇರೆ ಇವ್ರದು ಬೇರೆ. ಕೌನ್ಸಿಲ್‌ನವ್ರು ಬಂದು ನಿಮಗೇನು ಬೇಕು ಅಂತ ಬರ್ಕೊಂಡು ಹೋಗ್ತಾರೆ. ಸ್ವರ್ಗ ಅಂದ್ಕೋಬೇಡಿ, ಬರ್ಕೊಂಡು ಹೋದ್ಮೇಲೆ ಕಾಯೋದೇ ಕಾಯೋದು. ನನ್ನ ಕೇಳಿದ್ರೆ ಇದಕ್ಕಿಂತ ನಮಗೆ ಹತ್ರದ ಮಾದರಿ ಕೇರಳ, ಕೋಳಿಕ್ಕೋಡಲ್ಲಿ 1993ರಲ್ಲಿ ಶುರುವಾದ ಪ್ಯಾಲಿಯೇಟಿವ್ ಸೇವೆ ಆಮೇಲೆ ಊರೂರಿಗೂ ಹಬ್ಬಿ, ಅಕ್ಕಪಕ್ಕದ ಜನಾನೇ ಟ್ರೇನಿಂಗ್ ತಗೊಂಡು ಮನೆಗೆ ಬರ್ತಾರೆ.

ಬೆಂಗ್ಳೂರಲ್ಲಿ ಕರುಣಾಶ್ರಯ ಇದೆ, ಟ್ರೀಟ್ಮೆಂಟ್ ಮುಗಿದು ಇನ್ನೇನೂ ಮಾಡೋಕಾಗಲ್ಲ ಅನ್ನೋ ಹಂತದವ್ರಿಗೆ ಉಚಿತವಾಗಿ ನೋಡ್ಕೊಳ್ತಾರೆ. ನಿಮ್ಮತ್ತೆ ಆ ಹಂತದಲ್ಲಿಲ್ಲ, ಇಲ್ಲಿ ಓದ್ತಿರೋ ಬೇರೆಯವ್ರಿಗೆ ಅಂತ ಬರ್ದೆ. ನಿಮಗೆ ರಾತ್ರಿ ಹೊತ್ತು ತಡೆಯೋಕಾಗದೆ ಇದ್ದಾಗ 14416ಗೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟಕ್ಕೆ ಇರೋ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

---

ಬೆಣ್ಣೆದೋಸೆ_ದಾವಣಗೆರೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಆ ಹುಡುಗಿನ ಹುಡುಕಿ ಮಂಡ್ಯದಣ್ಣ ಹೇಳಿದ ಪ್ರಶ್ನೆನೇ ಕೇಳ್ದೆ. ಮೊದ್ಲು ತಬ್ಬಿಬ್ಬಾದ್ಲು, ಆಮೇಲೆ ಅವ್ರ ಮೇಡಂನ ಕರ್ಕೊಂಡ್ ಬಂದ್ಲು. ಸ್ಕೋರ್ ಜಾಸ್ತಿ ಇದ್ರೆ ಕೌನ್ಸೆಲರ್ ಹತ್ರ ಕಳಿಸ್ತೀವಿ ಅಂದ್ರು, ಅದು ಪತ್ರದಲ್ಲಿ ಎಲ್ಲಿದೆ ತೋರ್ಸಿ ಅಂದೆ, ಇರ್ಲಿಲ್ಲ! ಸೇರಿಸೋಕೆ ಮತ್ತೆ ಕಮಿಟಿಗೆ ಕಳಿಸ್ಬೇಕಂತೆ. ಸೇರ್ಸಿ ಬನ್ನಿ ಆಮೇಲೆ ನೋಡೋಣ ಅಂದಿದೀನಿ, ಬೇರೆ ರೂಮಲ್ಲೇ ಕೇಳ್ಬೇಕು ಅಂತಾನೂ ಹೇಳಿದೀನಿ.

ಡಯಟೀಷಿಯನ್ ರಾತ್ರಿ ಹನ್ನೊಂದಕ್ಕೆ ಕೊಟ್ಟು ಬೆಳಿಗ್ಗೆ ಐದಕ್ಕೆ ಕೊಟ್ರೆ ಸಾಕು ಅಂದ್ರು. ಸಿಸ್ಟರ್ ಅಕ್ಕ, ನಿಮಗೆ ಹೇಗೆ ಹೇಳ್ಲಿ. ಅತ್ತೆ ಹತ್ರ ಇನ್ನೂ ಕೇಳಿಲ್ಲ, ಭಾನುವಾರ ಇವ್ರು ಬಂದಾಗ ಮೊದ್ಲು ಇವ್ರ ಹತ್ರ ಮಾತಾಡ್ಬೇಕು.

ಊರಿಗೆ ರೈಲಲ್ಲಿ ಹೋಗೋಕೆ ಏನೋ ರಿಯಾಯ್ತಿ ಇದೆ ಅಂತಿದ್ರು ಸಾಲಲ್ಲಿ, ನಿಜಾನಾ?

---

ಮಂಡ್ಯದ್_ಹೈದ

ನಿಜ ಅಕ್ಕ. ಸ್ಲೀಪರ್ ಮತ್ತೆ ಥರ್ಡ್ ಎಸಿಲಿ ಕ್ಯಾನ್ಸರ್ ಪೇಷೆಂಟ್‌ಗೆ ಪೂರ್ತಿ ಫ್ರೀ, ಜೊತೇಲಿ ಹೋಗೋ ಒಬ್ರಿಗೆ 75 ಪರ್ಸೆಂಟ್ ಕಮ್ಮಿ, ಟ್ರೀಟ್ಮೆಂಟಿಗೆ ಅಥವಾ ಚೆಕಪ್ಪಿಗೆ ಹೋಗಿ ಬರೋದಕ್ಕೆ. ರೈಲ್ವೆದೇ ಒಂದು ಫಾರ್ಮ್ ಐತೆ, ಡಾಕ್ಟರ್ ಸೈನ್ ಸೀಲ್ ಬೇಕು. ಆಸ್ಪತ್ರೆ ಸೋಶಿಯಲ್ ವರ್ಕರ್ ಹತ್ರ ಕೇಳಿ, ಒಂದಲ್ಲ ನಾಲ್ಕು ಕಾಪಿ ಇಸ್ಕಳಿ, ಜೆರಾಕ್ಸ್ ಅಂಗಡೀಲಿ ಆ ಫಾರ್ಮ್‌ಗೂ ದುಡ್ಡು ಕೀಳ್ತಾರೆ.